ಮಲ್ಲಿಕಸಾಬನ ಬಲಗಾಲು

ಬ್ಯಾಡಗಿಯ ಗಾಳಿಗೆ ಹೊಸಬರು ಸೀನುತ್ತಾರೆ, ಹಳಬರು ಸೀನುವುದಿಲ್ಲ. ದೇವಮಿತ್ರ ಸೀನುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಒಣಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅವನು ಕೆಮಿಸ್ಟ್. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವಾರ ಕಣ್ಣು, ಮೂಗು ಒಂದೇ ಸಮನೆ ಸುರಿದಿದ್ದವು. ಈಗ ಕಾಯಿಯ ಘಾಟೂ ತಿಳಿಯದು, ದ್ರಾವಕದ ವಾಸನೆಯೂ ತಿಳಿಯದು. ಮನೆಯಲ್ಲಿ ಒಗ್ಗರಣೆ ಸೀದರೂ ಹೆಂಡತಿ ಕೂಗಿ ಹೇಳಬೇಕು. ಭಾನುವಾರ ಇಸ್ತ್ರಿ ಅಂಗಿ ತೊಟ್ಟು ರಾಣೇಬೆನ್ನೂರಿನ ಪ್ಯಾಸೆಂಜರ್ ಗಾಡಿ ಹತ್ತಿದರೆ, ಎದುರಿಗೆ ಕುಳಿತವರು ಒಬ್ಬೊಬ್ಬರಾಗಿ ಮೂಗು ಒರೆಸಿಕೊಂಡು ಅವನನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಒಗೆದ ಅಂಗಿಯಲ್ಲೂ ಮಾಸದೆ ಉಳಿದ ಘಾಟು ಅವನೊಬ್ಬನಿಗೇ ತಿಳಿಯುತ್ತಿರಲಿಲ್ಲ.

ಆ ಭಾನುವಾರ ಅವನ ಜೇಬಿನಲ್ಲಿ ಒಂದು ಕೀಲಿಕೈ ಇತ್ತು. ರಾಣೇಬೆನ್ನೂರಿನ ಸ್ಟೇಷನ್ ಹಿಂದಿನ ಓಣಿಯಲ್ಲಿದ್ದ ಹಂಚಿನ ಮಾಡಿನ ಸಣ್ಣ ಚರ್ಚಿನ ಕೀಲಿಕೈ ಅದು. ಕೆಲವೇ ಮನೆತನಗಳ ಸಭೆ. ರೈಲ್ವೆಯವರು, ನಿವೃತ್ತ ಶಿಕ್ಷಕರು, ಒಬ್ಬಿಬ್ಬರು ರೈತರು. ಸಭಾಪಾಲಕರಾದ ಎಲೀಶಪ್ಪನವರು ಇದ್ದದ್ದು ಹಾವೇರಿಯಲ್ಲಿ. ಹಾವೇರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ಅವರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಕರ್ತನ ಭೋಜನ ನಡೆಸಿ ಹೋಗುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಕದ ತೆಗೆಯುವುದು, ವೇದಪಾಠ ಓದುವುದು, ಸಭೆಯ ಪರವಾಗಿ ಪ್ರಾರ್ಥಿಸುವುದು, ಎಲ್ಲವೂ ಸಭಾಹಿರಿಯನಾದ ದೇವಮಿತ್ರನ ಪಾಲಿನದು.

ಇಂದು ಎಲೀಶಪ್ಪ ಅಯ್ಯನವರು ಬರುವ ಭಾನುವಾರ. ಆರಾಧನೆ ಮುಗಿದ ಮೇಲೆ ಕೀಲಿಕೈಯನ್ನು ಅವರ ಕೈಗೆ ಕೊಟ್ಟುಬಿಡಬೇಕೆಂದು ಅವನು ನಿರ್ಧರಿಸಿದ್ದ.

ಕೊಟ್ಟರೆ ಏನಾಗುತ್ತದೆಂಬುದು ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಎಲೀಶಪ್ಪನವರೇ ಮಾತಿನ ನಡುವೆ ಅಂದಿದ್ದರು: "ನೀವು ಅದೀರಿ ಅಂತ ಇಲ್ಲಿ ಕದಾ ತಗೀತಾವ ನೋಡ್ರಿ. ಇಲ್ಲಾಂದ್ರ ಎಲ್ಲಾರಿಗೂ ಹಾವೇರಿಗೆ ಬರ್ರಿ ಅಂತ ಹೇಳಿ ಕೀಲಿ ಜಡಿಯೋದ." ಮೊಣಕಾಲು ಹಿಡಿದ ಮುದುಕರು ಪ್ರತಿ ವಾರ ಬಸ್ಸು ಹತ್ತಿ ಹಾವೇರಿಗೆ ಹೋಗಲಾರರು. ಚರ್ಚು ಮುಚ್ಚಿದರೆ ಮುಚ್ಚಿದಂತೆಯೇ.

ಆದರೂ ಬಿಡಬೇಕೆನ್ನಿಸಿದ್ದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಯಾರೊಡನೆಯೂ ಜಗಳವಿಲ್ಲ, ನಂಬಿಕೆಯಲ್ಲಿ ತಕರಾರಿಲ್ಲ. ಒಲೆಯ ಬೆಂಕಿ ಯಾವಾಗ ಆರಿತೆಂದು ಒಲೆಗೇ ತಿಳಿಯದ ಹಾಗೆ ಒಳಗೇನೋ ಆರಿಹೋಗಿತ್ತು, ಅಷ್ಟೆ. ಹಾಸ್ಟೆಲಿನ ದಿನಗಳಲ್ಲಿ ನಸುಕಿನಲ್ಲೆದ್ದು ಮಾಳಿಗೆಯ ಮೇಲೆ ಮೊಣಕಾಲೂರಿದರೆ ಎದೆ ತುಂಬಿ ಬರುತ್ತಿತ್ತು. ಈಗ ಪ್ರಾರ್ಥನೆಯ ಮಾತುಗಳು ಒದ್ದೆ ಕೈಯಿಂದ ಸಾಬೂನು ಜಾರುವ ಹಾಗೆ ಬಾಯಿಂದ ಜಾರುತ್ತಿದ್ದವು. ಬಾಯಿ "ಪರಲೋಕದ ತಂದೆಯೇ" ಎನ್ನುವಾಗ ತಲೆ ಸೋಮವಾರದ ಮಾದರಿ ಕಾಯಿಗಳ ಬಣ್ಣ ಅಳೆಯುತ್ತಿರುತ್ತಿತ್ತು. ಅದರ ಮೇಲೆ ಜನರ ಹೊಗಳಿಕೆ ಬೇರೆ: "ಸರ ಪ್ರಾರ್ಥನಾ ಮಾಡಿದ್ರ ಹೊಟ್ಟಿ ತಣ್ಣಗಾಗತೈತಿ." ಮುಳ್ಳು ಚುಚ್ಚಿದಂತಾಗುತ್ತಿತ್ತು. ಮುಳ್ಳು ಅಲುಗದ ತಕ್ಕಡಿಯಿಂದ ತೂಕ ಬರೆದುಕೊಡುವವನನ್ನು ಪ್ರಯೋಗಾಲಯದಲ್ಲಿ ಮೋಸಗಾರನೆನ್ನುತ್ತಾರೆ. ಹಾಗಿದ್ದರೆ ಏನೂ ಅನ್ನಿಸದೆ ಜನರ ಮುಂದೆ ನಿಂತು ಪ್ರಾರ್ಥಿಸುವವನನ್ನು ಏನೆನ್ನಬೇಕು? ಹೆಂಡತಿ ಬಾಣಂತನಕ್ಕೆ ಬೆಟಗೇರಿಯ ತವರಿಗೆ ಹೋಗಿದ್ದರಿಂದ ಈ ವಿಚಾರವನ್ನು ಯಾರ ಮುಂದೆಯೂ ಆಡದೆ, ಒಬ್ಬನೇ ಅರೆದರೆದು ಈ ತೀರ್ಮಾನಕ್ಕೆ ಬಂದಿದ್ದ.

ಅವನು ಓಣಿ ತಿರುಗುವಷ್ಟರಲ್ಲಿ ಗಂಟೆ ಮೊಳಗತೊಡಗಿತ್ತು. ಹಗ್ಗ ಹಿಡಿದು ನಿಂತವರು ಸುಗುಣಾಬಾಯಿ. ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲೇ ಇದ್ದರು. ಊರಿಗೆಲ್ಲ ಅವರು ನರಸಬಾಯಿ. ಬಿಳಿ ಸೀರೆ, ಗಂಟು ಹಾಕಿದ ಬಿಳಿ ಕೂದಲು, ಯಾರ ಮುಲಾಜೂ ಇಲ್ಲದ ನಾಲಿಗೆ. ಮಳೆಯಿರಲಿ, ಚಳಿಯಿರಲಿ, ಅವರ ಗಂಟೆ ತಪ್ಪಿದ್ದನ್ನು ದೇವಮಿತ್ರ ಕಂಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕಲ್ಲಿನ ಹಾಗೆ ಕದಲದೆ ಕುಳಿತ ಅವರ ಮುಖ ನೋಡಿದಾಗಲೆಲ್ಲ, 'ಇವರ ಭಕ್ತಿಯಲ್ಲಿ ಸಾಸಿವೆಯಷ್ಟು ನನಗಿದ್ದರೆ' ಎಂದುಕೊಳ್ಳುತ್ತಿದ್ದ.

"ಬಂದಿ ಏನೋ ತಮ್ಮಾ? ಮಾರಿ ಯಾಕ ಹಂಗ, ಬಿಸಲಿಗೆ ಹಾಕಿದ ಹಪ್ಪಳ ಆದಂಗ ಆಗೈತಿ? ಹೇಂತಿ ಊರಿಗೆ ಹೋಗ್ಯಾಳ ಅಂತ ಉಣ್ಣೂದು ಬಿಟ್ಟಿ ಏನು?"

"ಹಂಗೇನಿಲ್ಲ ಬಾಯಾರ," ಎಂದು ಅವನು ಕದ ತೆಗೆದು ಒಳಗೆ ಹೋದ.

ಅಂದು ಸುಗ್ಗಿಯ ಹಬ್ಬ. ಬೆಳೆದವರು ಬೆಳೆದದ್ದನ್ನು, ಸಾಕಿದವರು ಸಾಕಿದ್ದನ್ನು ದೇವರಿಗೆ ತಂದೊಪ್ಪಿಸುವ ದಿನ. ಆರಾಧನೆಯ ನಂತರ ಅದನ್ನೆಲ್ಲ ಹರಾಜು ಹಾಕುವುದು ವಾಡಿಕೆ. ವೇದಿಕೆಯ ಮುಂದೆ ಜೋಳದ ತೆನೆ, ಕುಂಬಳಕಾಯಿ, ಬದನೆ, ಕಾಲು ಕಟ್ಟಿದ ಒಂದು ಹುಂಜ. ನಡುವೆ ಐರಣಿಯ ರೈತ ಜೀವನಪ್ಪ ತಂದ ಒಂದು ಚೀಲ ಒಣಮೆಣಸಿನಕಾಯಿ. ಜೀವನಪ್ಪನ ಹೊಲ ಹೊಳೆದಂಡೆಯದು. ಆ ವರ್ಷ ಬ್ಯಾಡಗಿ ತಳಿ ಬಿಟ್ಟು ಆಂಧ್ರದ ಬೀಜ ಹಾಕಿದ್ದ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಇದು ತದ್ವಿರುದ್ಧ. ಆರಾಧನೆಗೆ ಮೊದಲು ಮಕ್ಕಳು ಚೀಲದ ಮೇಲೆ ಹತ್ತಿ ಕುಣಿದು ಅರ್ಧ ಪುಡಿ ಮಾಡಿದ್ದರು. ಹುಬ್ಬಳ್ಳಿಯಿಂದ ಬಂದ ಅತಿಥಿ ಪ್ರಸಂಗಿಗಳಿಗೆ ಸೆಕೆಯಾಗಬಾರದೆಂದು ರೈಲ್ವೆಯವರೊಬ್ಬರು ಹೊಸ ನಿಲುವು ಫ್ಯಾನು ತಂದು ಸರಿಯಾಗಿ ಆ ಚೀಲದ ಹಿಂದೆಯೇ ನಿಲ್ಲಿಸಿದ್ದರು.

ಪ್ರಸಂಗಿಗಳು ಒಳ್ಳೆಯ ಮಾತುಗಾರರು. ಬೆಚ್ಚಗೂ ಅಲ್ಲದ ತಣ್ಣಗೂ ಅಲ್ಲದ ಭಕ್ತಿಯ ಬಗ್ಗೆಯೇ ಅವರು ಮಾತಾಡಿದ್ದು. ಒಂದೊಂದು ಮಾತೂ ತನ್ನನ್ನೇ ಹುಡುಕಿಕೊಂಡು ಬಂದಂತೆ ದೇವಮಿತ್ರನಿಗೆ ಅನ್ನಿಸಿತು. ಕೊನೆಗೆ ಅವರು, "ಎಲ್ಲರೂ ಮೊಣಕಾಲೂರಿ, ಕರಗದ ಹೃದಯ ಕರಗಲಿ ಎಂದು ಬೇಡೋಣ" ಅಂದರು. ಯಾರೋ ಫ್ಯಾನು ಹಚ್ಚಿದರು.

ಮೊದಲು ಮುಂದಿನ ಸಾಲಿನಲ್ಲೊಬ್ಬರು ಮೂಗು ಏರಿಸಿದರು. ಆಮೇಲೆ ಹೆಂಗಸರ ಕಡೆಯಿಂದ ಬಿಕ್ಕಿದ ಸದ್ದು. ನೋಡನೋಡುತ್ತ ಇಡೀ ಸಭೆ ಕಣ್ಣೀರಿಡತೊಡಗಿತು. ಲೆಕ್ಕಪತ್ರದ ಸಭೆಯಲ್ಲಿ ಮಾತ್ರ ಬಾಯಿ ತೆರೆಯುತ್ತಿದ್ದ ನಿವೃತ್ತ ಸ್ಟೇಷನ್ ಮಾಸ್ತರರೂ ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡರು. ಪ್ರಸಂಗಿಗಳ ಕೆನ್ನೆಯ ಮೇಲೂ ನೀರು. "ಅಳಿರಿ, ಅಳಿರಿ! ಇಂಥ ಕಣ್ಣೀರನ್ನು ನಾನು ಯಾವ ಊರಿನಲ್ಲೂ ನೋಡಿಲ್ಲ!" ಎಂದು ಅವರು ಗದ್ಗದಿತರಾಗಿ ಕೂಗಿದರು.

ದೇವಮಿತ್ರನ ಕಣ್ಣು ಮಾತ್ರ ಒಣಗಿದ ಕೆರೆ.

ಅವನು ಕಣ್ಣು ಬಿಗಿಯಾಗಿ ಮುಚ್ಚಿದ, ಒತ್ತಿದ; ಒಂದು ಹನಿಯೂ ಬರಲಿಲ್ಲ. ಕಣ್ಣು ತೆರೆದಾಗ ಕಂಡದ್ದು ಇನ್ನೂ ವಿಚಿತ್ರ. ಅಷ್ಟು ದೊಡ್ಡ ಪ್ರಾರ್ಥನೆಯ ನಡುವೆ ಸುಗುಣಾಬಾಯಿ ಎದ್ದು, ಸೆರಗನ್ನು ಮೂಗಿಗೆ ಬಿಗಿದು, ಜೀವನಪ್ಪನ ಚೀಲವನ್ನು ದರದರ ಎಳೆದುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಅದೇಕೆಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬೇಕಾದ ಪುರಾವೆ ಸಿಕ್ಕಿಬಿಟ್ಟಿತ್ತು. ಕಲ್ಲೂ ಕರಗಿದ ದಿನ ಕರಗದೆ ಉಳಿದವನು ತಾನೊಬ್ಬನೇ.

ಹರಾಜು ಗದ್ದಲದಿಂದ ನಡೆಯಿತು. ಹೊರಗಿಟ್ಟ ಮೆಣಸಿನಕಾಯಿಯ ಸರದಿ ಬಂದಾಗ ಎಲ್ಲರೂ, "ಸರ, ಬಣ್ಣಾ ಹೆಂಗೈತಿ ನೋಡಿ ಹೇಳ್ರಿ, ನಿಮ್ಮ ಕಸಬ ಅಲ್ಲೇನು?" ಅಂದರು. ಅವನು ರೂಢಿಯಂತೆ ನಾಲ್ಕು ಕಾಯಿ ಮುರಿದು ಅಂಗೈಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, "ಬಣ್ಣ ಸಾಧಾರಣ" ಅಂದ. ನಲ್ಲಿಯ ಕೆಳಗೆ ಕೈ ತೊಳೆದುಕೊಂಡು ಒಳಗೆ ಹೋದ. ಎಲೀಶಪ್ಪನವರೂ ಪ್ರಸಂಗಿಗಳೂ ಚಹಾ ಕುಡಿಯುತ್ತ ಕುಳಿತಿದ್ದರು.

"ಅಯ್ಯನವರ, ನಿಮ್ಮ ಕೂಡ ಒಂದು ಮಾತು ಆಡೂದಿತ್ತು," ಎಂದು ಜೇಬಿಗೆ ಕೈ ಹಾಕುವಷ್ಟರಲ್ಲಿ ಸುಗುಣಾಬಾಯಿ ತಾಮ್ರದ ತಂಬಿಗೆಯಲ್ಲಿ ನೀರು ಹಿಡಿದು ಒಳಗೆ ಬಂದರು.

"ತಗೋರಿ, ಎಲ್ಲಾರೂ ಕಣ್ಣ ತೊಳಕೋರಿ. ತಿಕ್ಕಬ್ಯಾಡ್ರಿ ಮತ್ತ, ಇನ್ನೂ ಉರೀತಾವ. ಆ ಜೀವನಪ್ಪಗ ಬುದ್ಧಿ ಇಲ್ಲ, ಫ್ಯಾನ್ ಇಟ್ಟಾವಗ ಅದಕ್ಕಿಂತ ಇಲ್ಲ. ದೇವರ ಮುಂದ ಮೆಣಸಿನಕಾಯಿ ಹೊಗಿ ಹಾಕಿದಂಗ ಆತು."

ಎಲೀಶಪ್ಪನವರ ಹೊಟ್ಟೆ ನಗುವಿಗೆ ಕುಲುಕತೊಡಗಿತು. ಪ್ರಸಂಗಿಗಳು ಕೆಂಪಗಾದ ಕಣ್ಣುಗಳನ್ನು ಅಗಲಿಸಿ ಬಾಯಿಯವರನ್ನು ನೋಡಿದರು, ಆಮೇಲೆ ತಾವೂ ನಕ್ಕುಬಿಟ್ಟರು. "ನಾನು ಊರಿಗೆ ಹೋಗಿ ಇದನ್ನು ದೊಡ್ಡ ಸಾಕ್ಷಿಯಾಗಿ ಹೇಳುವವನಿದ್ದೆ, ತಾಯಿ. ನನ್ನ ಮಾನ ಉಳಿಸಿದಿರಿ," ಎಂದು ತಂಬಿಗೆಗೆ ಕೈ ಚಾಚಿದರು. ದೊಡ್ಡ ಮನುಷ್ಯ.

ದೇವಮಿತ್ರನಿಗೆ ನಗು ಬರಲಿಲ್ಲ. ಉಳಿದವರ ಕಣ್ಣೀರು ಸುಳ್ಳೆಂದಾದರೆ ತನ್ನ ಬರಡುತನ ಸುಳ್ಳಾಗುವುದೇ? ಅದು ಇದ್ದಲ್ಲೇ ಇತ್ತು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸುಗುಣಾಬಾಯಿ ಅವನ ತೋಳು ಹಿಡಿದರು. "ಅಯ್ಯನವರ ಬಸ್ ಇನ್ನೂ ಸಂಜಿಗೆ. ನಿನ್ನ ಮಾತು ಆಮ್ಯಾಲೆ ಆಡೀಯಂತ. ಈಗ ನನ್ನ ಕೂಡ ಬಾ. ಮಲ್ಲಿಕಸಾಬನ ಕಾಲು ಹಿಡಿಯೂ ಹುಡುಗಾ ನಾತಾ ತಾಳಲಾರದ ಓಡಿ ಹೋಗ್ಯಾನ. ನಿನ್ನ ಮೂಗು ಹೆಂಗೂ ಸತ್ತೈತಿ, ಒಂದು ಉಪಯೋಗಕ್ಕರ ಬರಲಿ."

ಮಲ್ಲಿಕಸಾಬ ಹಿಂದೆ ಸ್ಟೇಷನ್ ಮುಂದೆ ಟಾಂಗಾ ಹೊಡೆಯುತ್ತಿದ್ದವನು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಬೆರಳುಗಳ ಬುಡದಲ್ಲಿ ಹುಣ್ಣಾಗಿ ಮಾಯದೆ ಹಾಸಿಗೆ ಹಿಡಿದಿದ್ದ. ಸುಗುಣಾಬಾಯಿ ದಿನವೂ ಹೋಗಿ ತೊಳೆದು ಪಟ್ಟಿ ಕಟ್ಟುತ್ತಿದ್ದರು. ಹಾದಿಯಲ್ಲಿ ಅವರು ಔಷಧದ ಚೀಲ ಹಿಡಿದು ಮುಂದೆ, ಅವನು ಹಿಂದೆ. ತುಸು ದೂರ ನಡೆದ ಮೇಲೆ ಅವನು ತಾಳಲಾರದೆ ಹೇಳಿಬಿಟ್ಟ.

"ಬಾಯಾರ, ನಾ ಇವತ್ತು ಕೀಲಿಕೈ ಅಯ್ಯನವರಿಗೆ ಕೊಟ್ಟಬಿಡಾವ."

ಅವರು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. "ಯಾಕ? ಬದಲಿ ಆತೇನು?"

"ಇಲ್ರಿ. ಒಳಗ ಏನೂ ಉಳದಿಲ್ಲ. ಪ್ರಾರ್ಥನಾ ಮಾಡತೇನಿ, ಏನೂ ಅನಸೂದಿಲ್ಲ. ಹಾಡತೇನಿ, ಅನಸೂದಿಲ್ಲ. ಜನಾ ನನ್ನ ದೊಡ್ಡ ಭಕ್ತ ಅಂತಾರ. ಇದು ಮೋಸ ಅಲ್ಲೇನ್ರಿ? ನಿಮ್ಮಂಥವರು ಹಿಂದ ಕುಂತಿರತೀರಿ. ನಿಮ್ಮ ಮಾರಿ ನೋಡಿದ್ರ ನನಗ ನಾಚಿಕಿ ಆಗತೈತಿ."

ಈಗ ಅವರು ನಿಂತರು. "ನನ್ನ ಮಾರಿ ಮ್ಯಾಲ ಏನ ಕಂಡಿ ನೀ?"

"ಭಕ್ತಿ."

"ಹುಚ್ಚಪ್ಪಾ, ಅದು ಮೊಣಕಾಲ ಬ್ಯಾನಿ!" ಎಂದು ಅವರು ನಕ್ಕರು. ನಗು ನಿಧಾನವಾಗಿ ಇಳಿಯಿತು. "ನನ್ನ ಮಗಳು ಪ್ರೇಮಾ ತೀರಿಕೊಂಡಾಗ ನಾ ವಾರ್ಡಿನ್ಯಾಗ ಪಾಳಿ ಮ್ಯಾಲ ಇದ್ದೆ. ಪರರ ಮಕ್ಕಳಿಗೆ ನೀರ ಕುಡಸಾಕತ್ತಿದ್ದೆ. ಅವತ್ತಿನಿಂದ ನನಗೂ ಏನೂ ಅನಸಿಲ್ಲೋ ತಮ್ಮಾ."

"ಎಷ್ಟು ವರ್ಷ ಆತ್ರಿ?"

"ಎಣಿಸಿಲ್ಲ ನಾ. ಬಾಯಾಗ ಒಂದು ಪ್ರಾರ್ಥನಾ ಹುಟ್ಟೂದಿಲ್ಲ. ನೀ ನಿಂತು ಓದತೀ ನೋಡು, ಅದಕ್ಕ ನಾ ಹಿಂದ ಕುಂತು ಆಮೆನ್ ಅಂತೇನಿ. ನನ್ನ ಕಡಿಂದ ದೇವರಿಗೆ ಮುಟ್ಟೂದು ಅದೊಂದ."

ದೇವಮಿತ್ರ ರಸ್ತೆಯ ನಡುವೆ ನಿಂತುಬಿಟ್ಟ. ಹಿಂದಿನಿಂದ ಬಂದ ಚಕ್ಕಡಿಯವನು ಬೈದು ಪಕ್ಕಕ್ಕೆ ಹೊಡೆದುಕೊಂಡು ಹೋದ. ಆ ಗಂಟೆ, ಆ ಹಿಂದಿನ ಬೆಂಚು, ದಿನವೂ ಹುಣ್ಣು ತೊಳೆಯುವ ಈ ನಡಿಗೆ, ಇಷ್ಟೂ ಏನೂ ಅನ್ನಿಸದೆಯೇ ನಡೆದು ಬಂದಿದ್ದವೇ?

"ಮತ್ತ ಯಾಕ ಬರತೀರಿ ಬಾಯಾರ? ಗಂಟಿ ಯಾಕ ಬಾರಸತೀರಿ?"

"ಯಾಕಂದ್ರ? ರಾತ್ರಿ ಪಾಳಿಯೊಳಗ ರೋಗಿ ಕರದ್ರ ನನಗೇನು ಪ್ರೀತಿ ಉಕ್ಕಿ ಬರತಿತ್ತೇನು? ನಿದ್ದಿ ಬರತಿತ್ತು. ಎದ್ದು ಹೋಗಿ ನೀರ ಕೊಡತಿದ್ದೆ. ಅವಾ ಬದುಕತಿದ್ದ. ನೀ ಕಲತಾವ, ನೀನ ಹೇಳು, ಅವಾ ಕುಡದದ್ದು ಪ್ರೀತಿ ಹೌದೋ ಅಲ್ಲೋ? ಲಗೂ ನಡಿ, ಕುಲ್ಸುಮಬಿ ನೀರ ಕಾಸಿ ಕುಂತಿರತಾಳ."

ತಗಡಿನ ಮಾಡಿನ ಮನೆ. ಮಲ್ಲಿಕಸಾಬನ ಹೆಂಡತಿ ಕುಲ್ಸುಮಬಿ ಬಿಸಿನೀರಿನ ಬೋಗುಣಿ ತಂದಿಟ್ಟು, ಮೂಗಿಗೆ ಓಢಣಿ ಒತ್ತಿಕೊಂಡು ಬಾಗಿಲ ಬಳಿ ನಿಂತಳು. ಕುಟುಂಬದವರಿಗೂ ತಾಳಲಾರದ ನಾತವಿರಬೇಕು. ದೇವಮಿತ್ರನಿಗೆ ಏನೂ ತಿಳಿಯಲಿಲ್ಲ. ಸುಗುಣಾಬಾಯಿ ಮಾತ್ರ ಸೆರಗಿನಿಂದ ಮೂಗು ಮುಚ್ಚಲಿಲ್ಲ. ಮಲ್ಲಿಗೆ ಮಾಲೆ ಬಿಚ್ಚುವವರ ಹಾಗೆ ಹಳೆಯ ಪಟ್ಟಿ ಬಿಚ್ಚಿದರು.

"ಏನ ಮಲ್ಲಿಕಣ್ಣಾ, ಹೆಂಗ ಐತಿ?"

"ಕಾಲು ಎಲ್ಲೈತಿ ಅಂತ ನೋಡಿಕೋಬೇಕು ಬಾಯಿ, ಅನಸೂದ ಇಲ್ಲ. ಡಾಕ್ಟರು ಸೂಜಿ ಚುಚ್ಚಿ ನೋಡಿದ್ರು, ಗೊತ್ತಾಗಲಿಲ್ಲ. ಬರೂ ವಾರ ಹುಬ್ಬಳ್ಳಿಗೆ ಹೋಗಿ ತಗಸಿಬಿಡ್ರಿ ಅಂದಾರ. ಸತ್ತ ಕಾಲು ಹೊತ್ತಕೊಂಡು ಏನ ಮಾಡೂದೈತಿ? ಕುದುರಿನೂ ಹೋತು, ಟಾಂಗಾನೂ ಹೋತು." ಅವನು ನಗಲು ನೋಡಿದ. ಬಾಗಿಲಲ್ಲಿ ಕುಲ್ಸುಮಬಿ ಮುಖ ಆಚೆ ತಿರುಗಿಸಿದಳು.

ದೇವಮಿತ್ರ ನೆಲಕ್ಕೆ ಕುಳಿತು ಎರಡೂ ಕೈಗಳಿಂದ ಪಾದವನ್ನು ಎತ್ತಿ ಹಿಡಿದ. ಬಾಯಿಯವರು ತೊಳೆಯತೊಡಗಿದರು. ಪಾದ ಜಾರದಂತೆ ಹಿಡಿಯುವಾಗ ಅವನ ಒದ್ದೆ ಅಂಗೈ ಹುಣ್ಣಿನ ಅಂಚಿಗೆ ತಾಗಿತು.

"ಯಾ ಅಲ್ಲಾ!" ಮಲ್ಲಿಕಸಾಬ ಎದ್ದು ಕುಳಿತುಬಿಟ್ಟ. "ಬೆಂಕಿ! ಬೆಂಕಿ ಹಚ್ಚಿದಂಗ ಆತಲ್ರೀ!"

ದೇವಮಿತ್ರ ತನ್ನ ಅಂಗೈ ನೋಡಿಕೊಂಡ. ಕೈ! ಹರಾಜಿನಲ್ಲಿ ಕಾಯಿ ಉಜ್ಜಿದ ಕೈ. ಬರೀ ನೀರಿನಲ್ಲಿ ತೊಳೆದು ಬಂದಿದ್ದ. ಮೆಣಸಿನ ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ ಎಂದು ಕಾರ್ಖಾನೆಗೆ ಬಂದ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವನು ತಾನೇ. ತನಗೆ ಉರಿಯುವುದಿಲ್ಲವೆಂದು, ಉರಿಯೇ ಇಲ್ಲವೆಂದುಕೊಂಡುಬಿಟ್ಟಿದ್ದ. ತನ್ನ ಮರಗಟ್ಟುವಿಕೆ ತನ್ನೊಬ್ಬನ ಪಾಡೆಂದು ತಿಳಿದಿದ್ದನಲ್ಲ, ಅದು ಇನ್ನೊಬ್ಬರ ಹಸಿ ಹುಣ್ಣಿಗೆ ತಾಕಿತ್ತು.

"ಕೊಬ್ಬರಿ ಎಣ್ಣಿ ಕೊಡ್ರೀ, ಲಗೂ! ಸಾಬೂನು!" ಎಂದು ಹಿತ್ತಲಿಗೆ ಓಡಿದ. ಮೊಣಕೈವರೆಗೆ ಎಣ್ಣೆ ತಿಕ್ಕಿ, ಸಾಬೂನು ಹಚ್ಚಿ, ಮತ್ತೆ ಎಣ್ಣೆ ತಿಕ್ಕಿ ತೊಳೆದುಕೊಂಡು ಬಂದು ಮಲ್ಲಿಕಸಾಬನ ಮುಂದೆ ಕೈ ಮುಗಿದ. "ತಪ್ಪಾತು ಯಜಮಾನ್ರ. ನನ್ನ ಕೈಯಾಗ ಖಾರ ಇತ್ತು. ನನಗ ಗೊತ್ತಾಗಲಿಲ್ಲ."

ಆದರೆ ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಸುಗುಣಾಬಾಯಿ ಹುಣ್ಣಿಗೆ ಧಾರಾಳವಾಗಿ ನೀರು ಹೊಯ್ದು ತಣಿಸಿ, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒಂದೊಂದೇ ಕಡೆ ಒತ್ತುತ್ತಿದ್ದರು.

"ಇಲ್ಲಿ?"

"ಇಲ್ಲ ಬಾಯಿ."

"ಇಲ್ಲಿ?"

"ಹೂಂ... ಉರೀತೈತಿ. ಅಲ್ಲೆ ಉರೀತೈತಿ, ಖರೇನ."

"ಹಂಗಂದ್ರ ಇದು ಸತ್ತಿಲ್ಲೋ ಮಾರಾಯಾ! ಸತ್ತದ್ದು ಉರಿಯೂದಿಲ್ಲ! ಕುಲ್ಸುಮಾ, ಬಾ ಇಲ್ಲಿ, ನೋಡ ಬಾ!" ಬಾಯಿಯವರು ಪಾದವನ್ನು ಅವಳ ಕಡೆ ತಿರುಗಿಸಿದರು. "ಡಾಕ್ಟರು ಬಿಡತಾರೋ ತಗೀತಾರೋ, ನಾ ಹೇಳಲಾರೆ. ಆದ್ರ ನಾಳೆ ಮುಂಜಾನೆ ನಾನ ಬಂದು ಇವನ್ನ ಕರಕೊಂಡು ಹೋಗತೇನಿ. ಇನ್ನೊಮ್ಮೆ ನೋಡ್ರಿ ಅಂತೇನಿ."

ಮಲ್ಲಿಕಸಾಬನ ಕಣ್ಣಿನಲ್ಲಿ ನೀರಿತ್ತು, ಉರಿಯದೋ ಸಂತೋಷದ್ದೋ. "ಸಾಹೇಬ್ರ, ಡಾಕ್ಟರು ಸೂಜಿಯಿಂದ ಎಬ್ಬಿಸಲಾರದ್ದನ್ನ ನೀವು ಮೆಣಸಿನಕಾಯಿಲೆ ಎಬ್ಬಿಸಿದ್ರಿ! ಇನ್ನೊಮ್ಮೆ ಮಾತ್ರ ಎಬ್ಬಸಬ್ಯಾಡ್ರಿ, ಕೈ ಮುಗೀತೇನಿ."

ಕುಲ್ಸುಮಬಿ ನಕ್ಕಳು, ಅತ್ತಳು. ಮೂಗಿನ ಮೇಲಿಂದ ಓಢಣಿ ಜಾರಿದ್ದು ಅವಳಿಗೆ ನೆನಪಿರಲಿಲ್ಲ.

ದೇವಮಿತ್ರ ಮತ್ತೆ ಕಾಲು ಹಿಡಿದು ಕುಳಿತ. ಸತ್ತದ್ದು ಉರಿಯುವುದಿಲ್ಲ. ಇಷ್ಟು ದಿನ ಏನೂ ಅನ್ನಿಸುವುದಿಲ್ಲವೆಂದು ತಾನು ನಿದ್ದೆಗೆಟ್ಟದ್ದು, ಗಾಡಿಯಲ್ಲಿ ಕೀಲಿಕೈ ಹಿಂಡುತ್ತ ಬಂದದ್ದು, ಅದೆಲ್ಲ ಏನು? ಉರಿಯೇ ಅಲ್ಲವೇ? ಪೂರ್ತಿ ಸತ್ತವನಿಗೆ ಸತ್ತೆನೆಂಬ ಸಂಕಟ ಎಲ್ಲಿಯದು? ಎದುರಿಗೆ ಸುಗುಣಾಬಾಯಿ, ತನಗಿಂತ ಎಷ್ಟೋ ಹೆಚ್ಚು ಕಾಲದಿಂದ ಅದೇ ಉರಿಯನ್ನು ಯಾರಿಗೂ ತೋರದೆ ಹೊತ್ತು, ಅದರ ಜೊತೆಗೇ ಪಟ್ಟಿ ಸುತ್ತುತ್ತಿದ್ದರು. ಸುತ್ತಿದ ಪಟ್ಟಿಯಲ್ಲಿ ಒಂದು ನೆರಿಗೆಯಿರಲಿಲ್ಲ. ಭಕ್ತಿ ಎಂದು ತಾನು ಕಂಡದ್ದು ತಪ್ಪಾಗಿರಲಿಲ್ಲ, ಅದನ್ನು ಕೈಯಲ್ಲಲ್ಲದೆ ಮುಖದಲ್ಲಿ ಹುಡುಕಿದ್ದು ಮಾತ್ರ ತಪ್ಪಾಗಿತ್ತು.

ಪಟ್ಟಿ ಕಟ್ಟಿ ಮುಗಿದಾಗ ಮಲ್ಲಿಕಸಾಬ ಕೇಳಿದ: "ಸಾಹೇಬ್ರ, ನೀವು ಛಲೋ ದುವಾ ಮಾಡತೀರಿ ಅಂತ ಬಾಯಿ ಹೇಳತಾಳ. ಒಂದ ಮಾತು ನನ್ನ ಸಲುವಾಗಿನೂ ಬೇಡಕೋರಿ."

ದೇವಮಿತ್ರ ಕಣ್ಣು ಮುಚ್ಚಿದ. ಸಾಬೂನಿನಂತೆ ಜಾರುವ ಆ ಮಾತುಗಳು ಒಂದೂ ಬರಲಿಲ್ಲ. ಕೊನೆಗೆ, "ಸ್ವಾಮಿ, ಈ ಕಾಲು ಉಳೀಲಿ," ಅಂದ. ಅಷ್ಟೇ. ಆದರೆ ಅದು ನಿಜವಾಗಿಯೂ ಉಳಿಯಬೇಕೆಂದು ಅವನಿಗೆ ಬೇಕಾಗಿತ್ತು. ದೇವರ ಹತ್ತಿರ ಏನನ್ನಾದರೂ ಹೀಗೆ ಬೇಡಿ ಎಷ್ಟು ದಿನವಾಗಿತ್ತೋ.

"ಆಮೆನ್," ಅಂದರು ಸುಗುಣಾಬಾಯಿ.

"ಆಮೀನ್," ಅಂದ ಮಲ್ಲಿಕಸಾಬ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹಾವೇರಿಯ ಬಸ್ಸು ಹತ್ತುವಾಗ ಎಲೀಶಪ್ಪನವರಿಗೆ ನೆನಪಾಯಿತು. "ಏನೋ ಮಾತಾಡೂದೈತಿ ಅಂದಿದ್ರಲ್ಲ?"

ದೇವಮಿತ್ರ ಜೇಬಿನಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದ. ಕೀಲಿಕೈಗೂ ಎಣ್ಣೆ ಹತ್ತಿ ಬೆರಳಿನಲ್ಲಿ ಜಾರುತ್ತಿತ್ತು. ಅದನ್ನು ಬಿಗಿಯಾಗಿ ಹಿಡಿದುಕೊಂಡ. "ಆ ಫ್ಯಾನಿನ ವಿಷಯ ರೀ, ಅಯ್ಯನವರ. ಬ್ಯಾರೆ ಕಡೆ ಇಡಸಬೇಕು ಅಂತ."

ಎಲೀಶಪ್ಪನವರು ಕಿಟಕಿಯಲ್ಲಿ ತಲೆಯಿಟ್ಟು ನಗುತ್ತಲೇ ಹೋದರು.

ಮುಂದೆ ಹುಬ್ಬಳ್ಳಿಯ ಡಾಕ್ಟರು ಮಲ್ಲಿಕಸಾಬನ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಅಲ್ಲಿಯವರೆಗೂ ಅದರಾಚೆಗೂ ದೇವಮಿತ್ರ ಭಾನುವಾರಗಳಂದು ಬೆಳಗಿನ ಮೊದಲ ಗಾಡಿಗೇ ಬಂದು, ಎಣ್ಣೆ ಸಾಬೂನಿನಿಂದ ಕೈ ತೊಳೆದು ಕಾಲು ಹಿಡಿದು, ಆಮೇಲೆ ಚರ್ಚಿನ ಕದ ತೆಗೆಯುತ್ತಿದ್ದ. ಹಾಸ್ಟೆಲಿನ ಮಾಳಿಗೆಯ ಆ ಎದೆ ತುಂಬುವಿಕೆ ಅಷ್ಟು ಬೇಗ ತಿರುಗಿ ಬರಲಿಲ್ಲ. ಕೆಲವು ವಾರ ಮನಸ್ಸು ಒದ್ದೆಯಾಗುತ್ತಿತ್ತು, ಕೆಲವು ವಾರ ಒಣಗಿರುತ್ತಿತ್ತು. ಆದರೆ ಸುಗ್ಗಿಯ ಹಬ್ಬದ ಮರುವಾರ ಅವನು ಮಲ್ಲಿಕಸಾಬನ ಹೆಸರು ಹಿಡಿದು ಪ್ರಾರ್ಥಿಸಿ ಮುಗಿಸಿದಾಗ, ಹಿಂದಿನ ಬೆಂಚಿನಿಂದ ಬಂದ ಒಂದು ಗೊಗ್ಗರು ದನಿಯ "ಆಮೆನ್" ಅವನಿಗೆ ಕೇಳಿಸಿತು. ಆ ದನಿ ಪ್ರತಿ ವಾರವೂ ಅಲ್ಲಿತ್ತು. ಅದಕ್ಕಾಗಿ ಅವನು ಕಿವಿಗೊಟ್ಟು ನಿಂತದ್ದು ಅಂದೇ ಮೊದಲು.